ಮೂರು ಬೆರಳಿನ ಜಾಗ

ಟಿ. ದಾಸರಹಳ್ಳಿಯ ಚಿಕ್ಕಬೈರಪ್ಪನಿಗೆ ತನ್ನ ಮನೆಯ ಬಗ್ಗೆ ಇದ್ದ ಹೆಮ್ಮೆ ಸಣ್ಣದಲ್ಲ. ಅಪ್ಪ ಅಜ್ಜಂದಿರ ಹೆಂಚಿನ ಮನೆ ಕೆಡವಿ, ಅದೇ ಜಾಗದಲ್ಲಿ ಹನ್ನೆರಡು ವರ್ಷದ ಹಿಂದೆ ತಾನೇ ನಿಂತು ಕಟ್ಟಿಸಿದ ಮೂರಂತಸ್ತಿನ ಮನೆ ಅದು. ಕೆಳಗೆ ತಾವು, ಮೇಲಿನ ಎರಡರಲ್ಲಿ ಪೀಣ್ಯದ ಕಾರ್ಖಾನೆಗಳಿಗೆ ಹೋಗುವ ಬಾಡಿಗೆಯವರು. ಒಂದೊಂದು ಕಂಬಿಯನ್ನೂ ತಾನೇ ಮುಟ್ಟಿ ನೋಡಿದ್ದು, ಒಂದೊಂದು ಗೋಡೆಗೂ ಇಪ್ಪತ್ತೊಂದು ದಿನ ತಾನೇ ನೀರು ಹೊಡೆದದ್ದು, ಇದನ್ನೆಲ್ಲ ಮನೆಗೆ ಬಂದವರು ಕಾಫಿ ಕುಡಿದು ಲೋಟ ಕೆಳಗಿಡುವ ತನಕ ಹೇಳುತ್ತಿದ್ದ. ಕೆಲವರು ಅದಕ್ಕೇ ಕಾಫಿಯನ್ನು ಬೇಗ ಕುಡಿಯುತ್ತಿದ್ದರು. ಅಂಥ ಮನೆಗೆ ಗೆದ್ದಲು ಹತ್ತಿತು.

ಮೊದಲು ಕಂಡದ್ದು ಸೊಸೆಯ ಬೀರುವಿನಲ್ಲಿ. ಸೊಸೆ ನಯನಾ ಜಾಲಹಳ್ಳಿಯ ಶಾಲೆಯೊಂದರಲ್ಲಿ ಗಣಿತದ ಟೀಚರ್. ಮೂರು ವರ್ಷದ ಹಿಂದೆ ಅವಳು ಮಗ ಶರತ್‌ನ ಕೈ ಹಿಡಿದು ಬಂದಾಗ ಅವಳ ಹಿಂದೆಯೇ ಆ ಬೀರು ಲಗೇಜ್ ಆಟೋದಲ್ಲಿ ಬಂದಿತ್ತು. ಅವಳಪ್ಪ ಹೊನ್ನಗಂಗಯ್ಯ ಕಾರ್ಖಾನೆಯೊಂದರಲ್ಲಿ ಬಡಗಿಯಾಗಿದ್ದವನು. ಎರಕ ಹೊಯ್ಯುವ ಮೊದಲು ಯಂತ್ರದ ಭಾಗಗಳನ್ನು ಮರದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಮಾಡಿಕೊಡುವುದು ಅವನ ಕೆಲಸ. ನಿವೃತ್ತಿಯಾದ ಮೇಲೆ ಎಂಟು ತಿಂಗಳು ಕೂತು ಮಗಳಿಗಾಗಿ ತೇಗದ ಬೀರು ಮಾಡಿದ. ಮದುವೆಯ ಮರುವರ್ಷ ತೀರಿಕೊಂಡ. ಇದ್ದ ಬಾಡಿಗೆ ಮನೆಯನ್ನೂ ಅವಳ ತಾಯಿ ಬಿಟ್ಟು ತಂಗಿಯ ಮನೆ ಸೇರಿದಳು. ಹಾಗಾಗಿ ನಯನಾಳಿಗೆ ತೌರು ಅಂತ ಉಳಿದದ್ದು ಆ ಬೀರು ಒಂದೇ.

ಡಿಸೆಂಬರ್ ರಜೆಯಲ್ಲಿ ಚಿಕ್ಕಮ್ಮನ ಮಗಳ ಮದುವೆಗೆಂದು ಅವಳು ಕೆಳಗಿನ ಖಾನೆಯಿಂದ ಸೀರೆಯ ರಟ್ಟಿನ ಡಬ್ಬ ಎತ್ತಿದಳು. ಮೇಲಿನ ಮುಚ್ಚಳ ಕೈಗೆ ಬಂತು, ತಳ ಅಲ್ಲೇ ಉಳಿಯಿತು. ಒಳಗೆ ಧಾರೆಯ ಸೀರೆ. ಅರ್ಧ ಸೀರೆ, ಅರ್ಧ ಮಣ್ಣು. ಅದು ಅತ್ತೆ ಲಕ್ಕಮ್ಮ ತಾನೇ ಆರಿಸಿ ತಂದಿದ್ದ ಸೀರೆ.

"ನಮ್ಮನೇಲಿ ಇಷ್ಟ್ ವರ್ಸ ಒಂದು ಗೆದ್ದಲ್ನ ಮುಖ ನೋಡಿರ್ಲಿಲ್ಲ ಕಣಮ್ಮ," ಎಂದಳು ಲಕ್ಕಮ್ಮ. "ತೌರಿಂದ ಏನ್ ತಂದೆ ಅಂದ್ರೆ, ಇದನ್ನ ತಂದೆ ನೋಡು."

ಲಕ್ಕಮ್ಮ ಕೆಟ್ಟವಳಲ್ಲ. ಅವಳ ನಾಲಿಗೆ ಮುಂದೆ ಹೋಗುತ್ತದೆ, ಮನಸ್ಸು ಹಿಂದಿನಿಂದ ಉಸಿರು ಬಿಡುತ್ತ ಬರುತ್ತದೆ, ಅಷ್ಟೆ. ಆದರೆ ಈ ಸಲ ಅವಳು ಒಂದೇ ಬಾರಿ ಹೇಳಿ ಸುಮ್ಮನಾಗಲಿಲ್ಲ. ಹಾಲು ತರುವವನಿಗೆ ಹೇಳಿದಳು, ಹೂವಿನವಳಿಗೆ ಹೇಳಿದಳು, ನೆಲಮಂಗಲದ ತನ್ನ ತಂಗಿಗೆ ಫೋನಿನಲ್ಲಿ ಎರಡು ಸಲ ಹೇಳಿದಳು. "ಬೀರು ಜೊತೆ ಬಂತು" ಎನ್ನುವ ಮಾತು ಮನೆಯಲ್ಲಿ ಉಪ್ಪು ಖಾರದ ಮಾತಿನಷ್ಟು ಮಾಮೂಲಿಯಾಗಿಬಿಟ್ಟಿತು. ನಯನಾ ಶಾಲೆಯಿಂದ ಬಂದು ಬೀರುವಿನ ಖಾನೆಗಳನ್ನು ಒಂದೊಂದಾಗಿ ಖಾಲಿ ಮಾಡಿದಳು.

ಚಿಕ್ಕಬೈರಪ್ಪ ಇದನ್ನೆಲ್ಲ ಕೇಳಿಸಿಕೊಂಡು ಪೇಪರ್ ಓದುತ್ತಿದ್ದ. ಓದಿದ ಪುಟವನ್ನೇ ಓದುತ್ತಿದ್ದ. ಯಾಕೆಂದರೆ ಗೆದ್ದಲು ಎಲ್ಲಿಂದ ಬಂತೆಂದು ಆ ಮನೆಯಲ್ಲಿ ಗೊತ್ತಿದ್ದದ್ದು ಅವನೊಬ್ಬನಿಗೆ.

ಹಳೇ ಮನೆಗೆ ಕೆಂಪು ಬಣ್ಣ ಬಳಿದ ಹಲಸಿನ ಮರದ ಹೊಸ್ತಿಲು ಇತ್ತು. ಮೊಣಕಾಲೆತ್ತರವಲ್ಲದಿದ್ದರೂ ಗೇಣೆತ್ತರದ್ದು, ನಡುವೆ ಕುದುರೆ ಲಾಳ ಹೊಡೆದದ್ದು. ಅವನ ತಾಯಿ ಐವತ್ತು ವರ್ಷ ಪ್ರತಿ ಶುಕ್ರವಾರ ಅದಕ್ಕೆ ಅರಿಶಿನ ಬಳಿದು, ಕುಂಕುಮ ಇಟ್ಟು, ರಂಗೋಲಿ ಎಳೆದಿದ್ದಳು. ಲಕ್ಕಮ್ಮ ಮದುಮಗಳಾಗಿ ಅಕ್ಕಿಯ ಸೇರು ಒದ್ದು ಒಳಗೆ ಬಂದದ್ದು ಅದೇ ಹೊಸ್ತಿಲನ್ನು ದಾಟಿ. ಮನೆ ಕೆಡವುವಾಗ ಬಾಗಿಲು, ಕಿಟಕಿ, ತೊಲೆ ಎಲ್ಲವನ್ನೂ ಹಳೇ ಮರದ ವ್ಯಾಪಾರದ ಮುನಿರಾಮಯ್ಯ ಒಯ್ದ. ಹೊಸ್ತಿಲಿಗೂ ಕೈ ಹಾಕಿದ. ಮುದುಕಿ ಅಡ್ಡ ನಿಂತಳು. ಅದು ಲಕ್ಷ್ಮಿ, ಮಾರಕೂಡದು, ಒಲೆಗೆ ಇಡಕೂಡದು, ಕೆರೆಗೆ ಬಿಟ್ಟು ಕೈ ಮುಗಿದು ಬಾ ಎಂದು ಮಗನಿಗೆ ಅಪ್ಪಣೆ ಮಾಡಿದಳು.

ಚಿಕ್ಕಬೈರಪ್ಪ ಅದನ್ನು ಗಾಡಿಗೆ ಹೇರಿಕೊಂಡು ಕೆರೆಯ ತನಕ ಹೋದದ್ದು ನಿಜ. ಚಿಕ್ಕಂದಿನಲ್ಲಿ ಎಮ್ಮೆ ಮೈ ತೊಳೆದ ಕೆರೆ. ಈಗ ಅಲ್ಲಿ ಮೋರಿ ನೀರಿನ ನೊರೆ ಏಳುತ್ತಿತ್ತು, ದಡದ ತುಂಬ ಪ್ಲಾಸ್ಟಿಕ್ಕು. ತಾಯಿ ಕೈ ಮುಗಿದ ವಸ್ತುವನ್ನು ಅದರೊಳಗೆ ತಳ್ಳಲು ಅವನ ಕರುಳು ಒಪ್ಪಲಿಲ್ಲ. ವಾಪಸ್ ಬಂದ. ಪಾಯ ತುಂಬಿಸುವ ಕೆಲಸ ನಡೆಯುತ್ತಿತ್ತು. ದೇವರ ಮನೆ ಬರುವ ಮೂಲೆಯಲ್ಲಿ ಇನ್ನೂ ಮಣ್ಣು ಬಿದ್ದಿರಲಿಲ್ಲ. ದೇವರ ಪಾದದ ಕೆಳಗೆ ಇರಲಿ ಎಂದುಕೊಂಡ. ಕೆಲಸದ ಮೇಸ್ತ್ರಿ, ಮರ ಹೂಳಬೇಡಿ ಯಜಮಾನ್ರೆ ಎಂದು ಒಂದು ಮಾತು ಹೇಳಿದ. ಮಣ್ಣಿಗೆ ಗೆದ್ದಲು ಔಷಧಿ ಹೊಡೆಸಿ ಎಂದು ಇಂಜಿನಿಯರ್ ಮೊದಲೇ ಹೇಳಿದ್ದ. "ನಾವು ಉತ್ತ ಮಣ್ಣು ಇದು, ನಮ್ಗೇನ್ ಮಾಡ್ತದೆ? ಇದಕ್ಕೆ ವಿಸ ಊಡುಸ್ಲಾ?" ಎಂದು ಇಬ್ಬರ ಬಾಯನ್ನೂ ಮುಚ್ಚಿಸಿದ್ದ. ಆಗ ಇದ್ದ ಬಾಡಿಗೆ ಮನೆಗೆ ಬಂದು ತಾಯಿಗೂ ಹೆಂಡತಿಗೂ, ನೀರಿಗೆ ಬಿಟ್ಟು ಬಂದೆ ಎಂದ. ತಾಯಿ ಸಮಾಧಾನವಾಗಿ ಎರಡು ವರ್ಷ ಬದುಕಿ ಹೋದಳು.

ಆಮೇಲೆ ಅವನು ಅದನ್ನು ಮರೆತೇಬಿಟ್ಟಿದ್ದ. ನೆನಪಾದದ್ದು ಹೋದ ಮೇ ತಿಂಗಳಲ್ಲಿ.

ಅವತ್ತು ಮನೆಯವರೆಲ್ಲ ನೆಲಮಂಗಲಕ್ಕೆ ಮದುವೆಗೆ ಹೋಗಿದ್ದರು. ಸಂಜೆ ವರ್ಷದ ಮೊದಲ ಜೋರು ಮಳೆ ಬಂದು ನಿಂತಿತ್ತು. ಚಿಕ್ಕಬೈರಪ್ಪ ದೀಪ ಹಚ್ಚಲು ಹೋದರೆ ದೇವರ ಮನೆಯ ಮೂಲೆಯಲ್ಲಿ, ಟೈಲ್ಸಿಗೂ ಗೋಡೆಗೂ ನಡುವಿನ ಬಿರುಕಿನಿಂದ, ಈಸಲು ಏಳುತ್ತಿತ್ತು. ರೆಕ್ಕೆಯ ಹುಳುಗಳು ಒಂದರ ಹಿಂದೊಂದು ಬಂದು, ಟ್ಯೂಬ್‌ಲೈಟಿಗೆ ಡಿಕ್ಕಿ ಹೊಡೆದು, ರೆಕ್ಕೆ ಉದುರಿಸಿ ನೆಲದಲ್ಲಿ ಹರಿದಾಡಿದವು. ಹುಡುಗನಾಗಿದ್ದಾಗ ಅವನು ಹೊಲದ ಹುತ್ತದ ಬಾಯಿಗೆ ದೀಪ ಇಟ್ಟು, ಕೆಳಗೆ ನೀರಿನ ಬೋಗುಣಿ ಇಟ್ಟು, ಇವನ್ನೇ ಹಿಡಿದು ಹುರಿದು ಪುರಿಯ ಜೊತೆ ತಿಂದವನು. ಈಸಲು ಎಲ್ಲಿ ಏಳುತ್ತದೋ ಅದರ ಕೆಳಗೆ ಗೆದ್ದಲಿನ ಗೂಡಿದೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಪೊರಕೆ ತಂದ. ರೆಕ್ಕೆಗಳನ್ನೆಲ್ಲ ಗುಡಿಸಿ ಮೋರಿಗೆ ಹಾಕಿದ. ಬಿರುಕಿಗೆ ಬಿಳಿ ಸಿಮೆಂಟ್ ಮೆತ್ತಿದ. ಮನೆಯವರು ಬಂದಾಗ, ಮದುವೆ ಊಟ ಹೆಂಗಿತ್ತು ಎಂದು ಕೇಳಿದ.

ಡಿಸೆಂಬರಿನಲ್ಲಿ ಗೆದ್ದಲು ಬೀರು ಹಿಡಿದ ಮೇಲೆ ಅವನೇ ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ, ಅದು ಓಡಾಡಲು ಕಟ್ಟಿದ್ದ ಮಣ್ಣಿನ ಗೆರೆಗಳನ್ನು ಒರೆಸಿದ. ಎಂಟು ದಿನಕ್ಕೆ ಗೆರೆ ದೇವರ ಮನೆಯ ಬಾಗಿಲ ಚೌಕಟ್ಟಿನ ಬುಡದಲ್ಲಿ ಕಂಡಿತು. ಅಲ್ಲಿ ಒರೆಸಿದ. ಹಜಾರದ ಕಿಟಕಿಯ ಕೆಳಗೆ ಕಂಡಿತು. ಕೊನೆಗೆ ಶರತ್ ಬೇಸತ್ತು, ತನ್ನ ಆಫೀಸಿನವರು ಹೇಳಿದ ಒಬ್ಬರನ್ನು ಕರೆಸಿದ. ಆತನ ಹೆಸರು ವಹಾಬ್. ಮಾಕಳಿಯ ಕಡೆಯವನು, ಗೆದ್ದಲಿನ ಕೆಲಸದಲ್ಲೇ ಇಪ್ಪತ್ತೈದು ವರ್ಷ ಕಳೆದವನು.

ವಹಾಬ್ ಬಂದವನು ಪಂಪು ಡಬ್ಬ ಏನೂ ತರಲಿಲ್ಲ. ಒಂದು ಟಾರ್ಚು, ಒಂದು ಸ್ಕ್ರೂಡ್ರೈವರು. ಚೌಕಟ್ಟಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಸ್ಕ್ರೂಡ್ರೈವರಿನ ಹಿಡಿಯಿಂದ ಮರವನ್ನು ಮೇಲಿನಿಂದ ಕೆಳಕ್ಕೆ ಬಡಿಯುತ್ತ ಬಂದ. ಕಿವಿ ಮರದ ಹತ್ತಿರ. ಟಕ್, ಟಕ್, ಟಕ್ ಎನ್ನುತ್ತಿದ್ದ ಸದ್ದು ಮೊಣಕಾಲಿನ ಮಟ್ಟಕ್ಕೆ ಬಂದಾಗ ಡಬ್ ಎಂದಿತು.

"ಇಲ್ಲಿಂದ ಕೆಳಗೆ ಬರೀ ಪೇಂಟು ನಿಂತಿದೆ," ಎಂದು ಹೆಬ್ಬೆರಳಿನಿಂದ ಒತ್ತಿದ. ಥಳಥಳ ಹೊಳೆಯುತ್ತಿದ್ದ ಚೌಕಟ್ಟಿನೊಳಕ್ಕೆ ಬೆರಳು ಸಲೀಸಾಗಿ ಹೋಯಿತು. ಒಳಗಿನಿಂದ ಮಣ್ಣು ಉದುರಿತು. ಲಕ್ಕಮ್ಮ ಬಾಯಿಗೆ ಸೆರಗು ಇಟ್ಟುಕೊಂಡಳು.

"ಸೀಮೆಎಣ್ಣೆ ಹಾಕಿದ್ದು ಯಾರು?"

"ನಾನೇ," ಎಂದ ಚಿಕ್ಕಬೈರಪ್ಪ.

"ನೀವು ಒಂದು ದಾರಿ ಮುಚ್ಚಿದ್ರಿ ಯಜಮಾನ್ರೆ, ಅವು ನಾಲ್ಕು ದಾರಿ ತಕ್ಕೊಂಡ್ವು. ಕಣ್ಣಿಗೆ ಕಾಣೋವು ಬರೀ ಕೂಲಿ ಆಳುಗಳು. ಅವನ್ನ ಕೊಂದ್ರೆ ಏನಾಗ್ತದೆ? ಗೂಡು ಮಣ್ಣೊಳಗೆ ಇರ್ತದೆ."

ನಯನಾ ಟೀಚರ್ ಅಲ್ಲವೇ, ಕೇಳಬೇಕಾದ್ದನ್ನೆಲ್ಲ ಕೇಳಿದಳು. ಗೋಡೆ ನೆಲ ಸೇರುವ ಕಡೆ ಅಡಿಗೊಂದು ತೂತು ಕೊರೆದು, ಒಳಗಿನ ಮಣ್ಣಿಗೆ ಔಷಧಿ ಇಳಿಸಿ, ಮೇಲೆ ಸಿಮೆಂಟಿನಿಂದ ಮುಚ್ಚಬೇಕು ಎಂದು ವಹಾಬ್ ಹೇಳಿದ. ಔಷಧಿ ವಾಸನೆ ಜೋರಾಗಿರುತ್ತದೆಯೇ ಎಂದಳು.

"ವಾಸನೆ ಜೋರಿದ್ರೆ ಔಷಧಿ ಜೋರು ಅಂತ ಜನ ತಿಳ್ಕೊಂಡಿದ್ದಾರೆ ಮೇಡಂ. ಅಂಗಿಲ್ಲ. ಡಬ್ಬದ ಮೇಲೆ ಹೆಸರು, ತಾರೀಖು ಇರ್ತದೆ. ನಾನು ಮುಚ್ಚಳ ತೆಗೆಯೋಕ್ ಮುಂಚೆ ನೀವೇ ಓದಿ. ಯಾರಾದ್ರೂ ಓದಕ್ಕೆ ಬಿಡಲಿಲ್ಲ ಅಂದ್ರೆ ಅವರನ್ನ ಮನೆಯೊಳಗೆ ಬಿಡಬೇಡಿ. ಮತ್ತೆ, ಹತ್ತು ವರ್ಷ ಏನೂ ಆಗಲ್ಲ ಅಂತ ಬರ್ಕೊಡೋರನ್ನ ನಂಬಬೇಡಿ. ವರ್ಷಕ್ಕೊಂದ್ಸಲ ಬಡಿದು ನೋಡಬೇಕು, ಅಷ್ಟೇ ವಿದ್ಯೆ."

ಆಮೇಲೆ ಬೀರುವಿನ ಹತ್ತಿರ ಹೋದ. ಅದು ನಯನಾಳ ಕೋಣೆಯಲ್ಲಿ, ದೇವರ ಮನೆಯ ಗೋಡೆಗೆ ಅಂಟಿಕೊಂಡಂತೆ ನಿಂತಿತ್ತು. ಟಾರ್ಚನ್ನು ಸಂದಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. "ಇದನ್ನ ಗೋಡೆಗೆ ಇಷ್ಟು ಒತ್ತಿ ಇಡ್ಸಿದ್ದು ಯಾರು?"

ಅದಕ್ಕೂ ಉತ್ತರ ಚಿಕ್ಕಬೈರಪ್ಪನೇ. ಬೀರು ಇಳಿಸಿದ ದಿನ ಹೊನ್ನಗಂಗಯ್ಯ, "ಬೀಗ್ರೆ, ಸ್ವಲ್ಪ ಜಾಗ ಬಿಟ್ಟು..." ಎಂದು ಶುರು ಮಾಡಿದ್ದ. "ನಮ್ಮನೆ ಗೋಡೆ ಬೀಗ್ರೆ, ಬಂಡೆ. ಒತ್ರೋ ಇನ್ನೂ!" ಎಂದು ಇವನು ಆಳುಗಳಿಗೆ ಕೂಗಿದ್ದ. ಹೆಣ್ಣು ಕೊಟ್ಟವನು ಆ ಕಾಲಕ್ಕೆ ಇನ್ನೇನು ಮಾತಾಡಿಯಾನು, ಸುಮ್ಮನಾಗಿದ್ದ.

"ಬೀರೂದೇನೂ ತಪ್ಪಿಲ್ಲ," ಎಂದ ವಹಾಬ್ ಕೈ ಒರೆಸಿಕೊಳ್ಳುತ್ತ. "ಇದು ಮರದ ಜೊತೆ ಮನೆಗೆ ಬರೋ ಜಾತಿ ಅಲ್ಲಮ್ಮ, ಮಣ್ಣಿಂದ ಏಳೋದು. ಗೆರೆ ನೆಲದಿಂದ ಬೀರೂಗೆ ಹೋಗಿದೆ. ಎಲ್ಲಾ ದಾರಿನೂ ದೇವ್ರಮನೆ ಕಡೆಗೇ ತೋರಿಸ್ತಾ ಇದೆ. ಯಜಮಾನ್ರೆ, ಕಟ್ಟೋವಾಗ ಕೆಳಗೆ ಮರ ಏನಾದ್ರೂ ಉಳಿದಿತ್ತಾ? ಸೆಂಟ್ರಿಂಗ್ ಹಲಗೆ, ಗೂಟ, ಮರದ ಬೇರು? ಮನೆಯೊಳಗೆ ಈಸಲು ಎದ್ದಿದ್ದು ಯಾರಾದ್ರೂ ನೋಡಿದ್ರಾ?"

ಎಲ್ಲರೂ ಚಿಕ್ಕಬೈರಪ್ಪನ ಮುಖ ನೋಡಿದರು. ಮನೆ ಕಟ್ಟಿದವನು ಅವನು ತಾನೇ.

"ಇಲ್ಲಪ್ಪ. ಕೆಳಗೆ ಏನೂ ಇಲ್ಲ. ನಾನೇ ನಿಂತು ತುಂಬ್ಸಿದ್ದು. ಈಸ್ಲು ಗೀಸ್ಲು ಎಲ್ಲೈತೆ?"

ವಹಾಬ್ ತಲೆ ಕೆರೆದುಕೊಂಡ. "ಹಂಗಾದ್ರೆ ಇಲ್ಲೇ ಇಷ್ಟು ಜೋರು ಯಾಕೆ ಅಂತ ಅರ್ಥ ಆಗಲ್ಲ. ಇರ್ಲಿ, ಸೋಮವಾರ ಬರ್ತೀನಿ, ತೂತು ಹಾಕಿದ್ರೆ ಗೊತ್ತಾಗ್ತದೆ."

ಅವನು ಹೋದದ್ದೇ ತಡ, ಲಕ್ಕಮ್ಮ ಗೆದ್ದವಳ ಹಾಗೆ ತಿರುಗಿದಳು. "ಕೇಳುಸ್ಕೊಂಡ್ರಾ? ಕೆಳಗೇನೂ ಇಲ್ವಂತೆ. ಒಂಬತ್ ವರ್ಸ ಇಲ್ದಿದ್ದು ಬೀರು ಬಂದ್ಮ್ಯಾಲೆ ಬಂತು ಅಂದ್ರೆ ಏನರ್ಥ? ಸಿವರಾತ್ರಿ ಒಳಗೆ ಅದು ಮನೆಯಿಂದ ಆಚೆ ಓಗ್ಬೇಕು. ಮುನಿರಾಮಯ್ಯಂಗೆ ಏಳ್ತೀನಿ, ಬಾನುವಾರ ತಕ್ಕೊಂಡೋಗ್ಲಿ."

ಚಿಕ್ಕಬೈರಪ್ಪನಿಗೆ ಆಗ ಹೊಳೆಯಿತು. ತನ್ನ 'ಇಲ್ಲ' ಎಂಬ ಒಂದು ಮಾತೇ ಬೀರುವಿಗೆ ಮರಣ ಶಾಸನ ಬರೆದಿತ್ತು. ನಯನಾ ಒಮ್ಮೆ ಶರತ್‌ನ ಕಡೆ ನೋಡಿದಳು. ಅವನು ಮೊಬೈಲ್ ನೋಡುತ್ತಿದ್ದ. ಮಾವನ ಕಡೆ ನೋಡಿದಳು; ಮಾವ ಪೇಪರ್ ಎತ್ತಿಕೊಂಡ. "ಆಗ್ಲಿ ಅತ್ತೆ," ಎಂದು ಒಳಗೆ ಹೋದಳು.

ಭಾನುವಾರದ ತನಕ ನಾಲ್ಕು ದಿನ ಇತ್ತು. ಪ್ರತಿ ದಿನ ಬೆಳಗ್ಗೆ, ಇವತ್ತು ಹೇಳಿಬಿಡುತ್ತೇನೆ ಎಂದು ಎದ್ದ. ಹೆಂಡತಿ ಏನನ್ನುತ್ತಾಳೋ ಎಂಬ ಭಯ ಅಷ್ಟಿರಲಿಲ್ಲ. ಹೆತ್ತ ತಾಯಿಗೆ ಸುಳ್ಳು ಹೇಳಿದವನು ಎಂದು ಮನೆಯವರ ಬಾಯಲ್ಲಿ ಕೇಳಬೇಕಲ್ಲ, ಅದು ತಡೆಯುತ್ತಿತ್ತು. ಜೊತೆಗೆ ಮನೆ. ಊರಿಗೆಲ್ಲ ಬಂಡೆ ಎಂದು ಹೇಳಿಕೊಂಡು ತಿರುಗಿದ ಮನೆಗೆ ತನ್ನ ಕೈಯಾರೆ ಹುಳ ಹಾಕಿದವನು ತಾನೇ ಎಂದು ಹೇಗೆ ಒಪ್ಪಿಕೊಳ್ಳುವುದು? ಸಂಜೆಗೆ, ಹೋಗಲಿ, ಒಂದು ಬೀರು ತಾನೇ, ಹೊಸದು ಕೊಡಿಸಿದರಾಯಿತು ಎಂದುಕೊಳ್ಳುತ್ತಿದ್ದ. ಹಾಗೆ ಅಂದುಕೊಂಡಾಗಲೆಲ್ಲ ತನ್ನ ಮೇಲೆಯೇ ಅಸಹ್ಯವಾಗುತ್ತಿತ್ತು.

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಮುನಿರಾಮಯ್ಯ ಇಬ್ಬರು ಆಳುಗಳೊಂದಿಗೆ ಬಂದ. ಗಾಡಿ ಬಾಗಿಲಲ್ಲಿ ನಿಂತಿತು. ಆಳುಗಳು ಬೀರುವಿನ ಕಾಲ ಕೆಳಗೆ ಗೋಣಿಚೀಲ ತುರುಕಿ, ಗೋಡೆಯಿಂದ ಎಳೆದು, ಹಗ್ಗ ಸುತ್ತಲು ಅದನ್ನು ತಿರುಗಿಸಿದರು. ಮೂರು ವರ್ಷ ಗೋಡೆ ನೋಡುತ್ತಿದ್ದ ಬೆನ್ನು ಮೊದಲ ಸಲ ಬೆಳಕಿಗೆ ಬಂತು.

ಬೆನ್ನಿನ ಹಲಗೆ ಪ್ಲೈವುಡ್ಡಿನದು. ಕೆಳಗಿನ ಅರ್ಧ ಮಣ್ಣಾಗಿತ್ತು. ಮೇಲಿನ ಅರ್ಧ ಚೊಕ್ಕಟವಾಗಿತ್ತು, ಅದರ ಮೇಲೆ ಬಡಗಿಯ ದಪ್ಪ ಪೆನ್ಸಿಲಿನಲ್ಲಿ, ಕಾರ್ಖಾನೆಯಲ್ಲಿ ಅಳತೆ ಬರೆದು ರೂಢಿಯಾದ ಬಿಡಿ ಬಿಡಿ ಅಕ್ಷರದಲ್ಲಿ ಬರೆದಿತ್ತು:

ನಯನಾಳ ಬೀರು. ಗೋಡೆಗೆ ತಾಗಿಸಬಾರದು. ಮೂರು ಬೆರಳು ಜಾಗ ಬಿಡಿ. ವರ್ಷಕ್ಕೆ ಒಂದು ಸಲ ಹಿಂದೆ ನೋಡಿ. ಹೊ. ಗಂ.

ನಯನಾ ಹತ್ತಿರ ಬಂದಳು. ಮಾತಿನಲ್ಲಿ ಹೇಳಲಾಗದೆ ಹೋದದ್ದನ್ನು ಅಪ್ಪ ಮೊದಲೇ ಬರೆದಿಟ್ಟಿದ್ದ, ಅದನ್ನೂ ಗೋಡೆಗೆ ಒತ್ತಿ ಮುಚ್ಚಲಾಗಿತ್ತು. ಅವಳು ಮೂರು ಬೆರಳನ್ನು ಆ ಅಕ್ಷರಗಳ ಮೇಲೆ ಇಟ್ಟು ನಿಂತಳು. ಎರಡು ತಿಂಗಳು ಯಾರ ಮಾತಿಗೂ ಬಾರದ ಕಣ್ಣೀರು ಆಗ ಬಂತು.

"ತೇಗ ಕಬ್ಬಿಣ ಇದ್ದಂಗೈತೆ ಯಜಮಾನ್ರೆ," ಎಂದ ಮುನಿರಾಮಯ್ಯ, ಮನೆಯ ಒಳಗುಟ್ಟು ಗೊತ್ತಿಲ್ಲದೆ. "ಇಂದಿನ್ ಅಲಗೆ ಒಂದೇ ಓಗಿರೋದು. ಇಂಥದನ್ನ ಯಾರಾನಾ ಕೊಡ್ತಾರಾ? ಅವತ್ತು ನಿಮ್ಮ ಅಳೇ ಮನೆ ಒಸ್ಲು ಬೇಕು ಅಂದ್ರೆ ಕೊಡ್ನಿಲ್ಲ, ಇವತ್ತು ಇದನ್ನ ಕರೆದು ಕೊಡ್ತಾ ಇದ್ದೀರಿ."

ಚಿಕ್ಕಬೈರಪ್ಪ ಎದ್ದ. ಪೇಪರ್ ಮಡಿಚಿದ. ಅದು ಜಾರಿ ಕೆಳಗೆ ಬಿತ್ತು, ಎತ್ತಿಕೊಳ್ಳಲಿಲ್ಲ.

"ಅಗ್ಗ ಬಿಚ್ರಪ್ಪ," ಎಂದ.

"ಯಾಕೆ?" ಎಂದಳು ಲಕ್ಕಮ್ಮ.

"ತಪ್ಪು ಬೀರೂದಲ್ಲ. ದೇವ್ರಮನೆ ಕೆಳ್ಗೆ ಅಳೇ ಒಸ್ಲು ಐತೆ. ನಾನೇ ಊತಿಟ್ಟಿದ್ದು."

ಲಕ್ಕಮ್ಮ ಗಂಡನ ಹತ್ತಿರ ಬಂದಳು. "ನೀರ್ಗೆ ಬುಟ್ಟೆ ಅಂದಿದ್ರಿ?"

"ಕೆರೆ ಅಂಗಿತ್ತು ಕಣೇ. ಮನಸ್ ಬರ್ಲಿಲ್ಲ. ಅವ್ವಂಗೆ ಸುಳ್ಳೇಳ್ದೆ. ನಿಂಗೂ ಏಳ್ದೆ."

ಮುನಿರಾಮಯ್ಯ ಎಂಥ ಸಂದರ್ಭದಲ್ಲಿ ಸಿಕ್ಕಿಕೊಂಡೆ ಎಂದು ತಿಳಿದು, ಆಳುಗಳನ್ನು ಕರೆದುಕೊಂಡು ಮೆಲ್ಲನೆ ಹೊರಟುಹೋದ. ಲಕ್ಕಮ್ಮ ಕೂಗಾಡಲಿಲ್ಲ. ಅವಳು ಕೂಗಾಡಿದ್ದರೆ ಚಿಕ್ಕಬೈರಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು.

ಸೋಮವಾರ ವಹಾಬ್ ಗಾರೆಯವನನ್ನು ಜೊತೆಗೆ ಕರೆತಂದ. ದೇವರ ಪಟಗಳನ್ನು ಹಜಾರಕ್ಕೆ ಸಾಗಿಸಿ, ನೆಲ ಒಡೆದರು. ಎರಡಡಿ ಕೆಳಗೆ ಹೊಸ್ತಿಲು ಕಂಡಿತು. ಕೆಂಪು ಬಣ್ಣ ಅಲ್ಲಲ್ಲಿ ಹಾಗೇ ಇತ್ತು, ಉದ್ದ ಹಾಗೇ ಇತ್ತು, ಮಲಗಿಸಿದ ಹಾಗೇ ಮಲಗಿತ್ತು. ಲಕ್ಕಮ್ಮ ಕೈ ಮುಗಿದಳು. ಗಾರೆಯವನು ಎರಡೂ ತುದಿಗೆ ಕೈ ಹಾಕಿ ಎತ್ತಿದ. ನಡುವೆ ಮುರಿದು, ಮುರಿದದ್ದು ಪುಡಿಯಾಗಿ, ಅವನ ಕೈಯಲ್ಲಿ ಬರೀ ತೆಳ್ಳನೆಯ ಸಿಪ್ಪೆ ಉಳಿಯಿತು. ಒಳಗೆಲ್ಲ ಬೂದು ಬಣ್ಣದ ಸ್ಪಂಜಿನಂಥ ಗೂಡುಗಳು, ಅದರ ತುಂಬ ಬಿಳಿ ಹುಳುಗಳ ಓಡಾಟ. ಗಟ್ಟಿಯಾಗಿ ಸಿಕ್ಕಿದ್ದು ಕುದುರೆ ಲಾಳ ಒಂದೇ.

"ಹತ್ತು ವರ್ಷ ಇದನ್ನ ತಿಂದಿವೆ ಯಜಮಾನ್ರೆ," ಎಂದ ವಹಾಬ್. "ಇದು ಮುಗೀತು, ಮೇಲೆ ಬಂದ್ವು. ಇದನ್ನ ಇಲ್ಲೇ ಬಿಟ್ಟು ನಾನು ಎಷ್ಟು ಔಷಧಿ ಸುರಿದಿದ್ರೂ ಅರ್ಧ ಕೆಲಸ ಆಗ್ತಿತ್ತು. ನೀವು ಹೇಳಿದ್ದು ಒಳ್ಳೇದಾಯ್ತು." ಮಣ್ಣನ್ನೆಲ್ಲ ತೆಗೆಸಿ, ಗುಂಡಿಗೂ ಮನೆಯ ಸುತ್ತಲಿನ ತೂತುಗಳಿಗೂ ಔಷಧಿ ಇಳಿಸಿ, ಸಿಮೆಂಟ್ ಮುಚ್ಚಿ, ಒಣಗುವ ತನಕ ಆ ಕಡೆ ನೀರು ಹಾಕಿ ತೊಳೆಯಬೇಡಿ ಎಂದು ಲಕ್ಕಮ್ಮನಿಗೆ ಮೂರು ಸಲ ಹೇಳಿದ. ತೊಳೆಯುವ ಕೈ ಯಾವುದೆಂದು ಅವನಿಗೆ ಒಂದೇ ದಿನದಲ್ಲಿ ಗೊತ್ತಾಗಿತ್ತು.

ಸಂಜೆ ಲಕ್ಕಮ್ಮ ಲಾಳವನ್ನು ಹುಣಸೆಹಣ್ಣಿನಲ್ಲಿ ಉಜ್ಜಿ ತೊಳೆದು, ಹಿಡಿದುಕೊಂಡೇ ನಯನಾಳ ಕೋಣೆಯ ಬಾಗಿಲಲ್ಲಿ ನಿಂತಳು. "ನಾನ್ ಅಂದಿದ್ದೆಲ್ಲ..." ಎಂದಳು. ಅವಳ ನಾಲಿಗೆ ಮೊದಲ ಸಲ ಹಿಂದೆ ಉಳಿಯಿತು.

"ಬಿಡಿ ಅತ್ತೆ," ಎಂದಳು ನಯನಾ. "ನಿಮಗೂ ಗೊತ್ತಿರ್ಲಿಲ್ಲ."

ಸುದ್ದಿ ನೆಂಟರಿಗೆಲ್ಲ ಹರಡಿತು. ಚಿಕ್ಕಬೈರಪ್ಪ ಬೈಗುಳಕ್ಕೆ ತಯಾರಾಗಿದ್ದ. ಆದದ್ದೇ ಬೇರೆ. ತಾಯಿ ಪೂಜೆ ಮಾಡಿದ ಹೊಸ್ತಿಲನ್ನು ಮೋರಿ ನೀರಿಗೆ ಹಾಕದೆ ದೇವರ ಕೆಳಗೆ ಇಟ್ಟನಂತೆ, ಎಂಥ ಮಗ ಎಂದು ನೆಲಮಂಗಲದ ನಾದಿನಿ ಫೋನಿನಲ್ಲಿ ಅತ್ತಳು. ಹಾಲಿನವನು ಕೈ ಮುಗಿದ. ಶರತ್ ಕೂಡ ಅಪ್ಪನ ಪಕ್ಕ ಬಂದು ಕೂತ. ಚಿಕ್ಕಬೈರಪ್ಪ ಎಲ್ಲವನ್ನೂ ತಲೆ ತಗ್ಗಿಸಿ ಕೇಳಿದ. ಈಸಲಿನ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೊಗಳಿಕೆ ಬಂದಷ್ಟೂ ಅದು ಒಳಗೆ ಕೊರೆಯಿತು.

ಶಿವರಾತ್ರಿ ಕಳೆದ ಮೇಲೆ ನಯನಾ ಬೀರುವಿಗೆ ಹೊಸ ಬೆನ್ನು ಹಾಕಿಸಿದಳು. ಅಪ್ಪನ ಬರಹವಿದ್ದ ತುಂಡನ್ನು ಅಳತೆಗೆ ಕತ್ತರಿಸಿ ಬಾಗಿಲಿನ ಒಳಮೈಗೆ ಸ್ಕ್ರೂ ಹೊಡೆಸಿದಳು. ಒಂದು ಶನಿವಾರ ಮಧ್ಯಾಹ್ನ, ಶರತ್ ಆಫೀಸಿನಲ್ಲಿ, ಲಕ್ಕಮ್ಮ ದೇವಸ್ಥಾನದಲ್ಲಿ ಇದ್ದಾಗ, "ಮಾವ, ಸ್ವಲ್ಪ ಹಿಡ್ಕೊಳ್ತೀರಾ? ಜಾಗಕ್ಕೆ ಇಡ್ಬೇಕು," ಎಂದು ಕರೆದಳು. ಬೀರು ಖಾಲಿಯಾಗಿತ್ತು, ಕೆಳಗೆ ಹಳೇ ಕಂಬಳಿ ಹಾಸಿತ್ತು. ಅವಳು ಮುಂದಿನಿಂದ ತಳ್ಳುವುದು, ಅವನು ಗೋಡೆಯ ಕಡೆ ನಿಂತು ನೋಡುವುದು ಎಂದಾಯಿತು.

ಮಾವನ ಮುಖ ಬಾಡಿದ್ದು ಕಂಡು ಅವಳೇ ಹೇಳಿದಳು: "ನೀವು ಇನ್ನೂ ಅದನ್ನೇ ಮನಸ್ಸಿಗೆ ಹಚ್ಕೊಂಡಿದ್ದೀರಾ ಮಾವ? ಭಕ್ತಿಯಿಂದ ಮಾಡಿದ್ದು ತಾನೆ. ನೆಲದ ಕೆಳಗೆ ಆಗೋದು ನಿಮಗೆ ಹೆಂಗೆ ಗೊತ್ತಾಗ್ಬೇಕು?"

ಹೂಂ ಅಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಬೇರೆ ಯಾರಿಗೂ ಎಂದೂ ತಿಳಿಯುತ್ತಿರಲಿಲ್ಲ. ಚಿಕ್ಕಬೈರಪ್ಪ ಬಾಗಿಲ ಕಡೆ ನೋಡಿದ, ಅವಳ ಕಡೆ ನೋಡಿದ.

"ಗೊತ್ತಿತ್ತು ಕಣಮ್ಮ," ಎಂದ. "ಓದ್ ಮೇ ತಿಂಗ್ಳಲ್ಲೇ ಗೊತ್ತಿತ್ತು. ನೀವೆಲ್ಲ ಮದ್ವೆಗೋದಾಗ ದೇವ್ರಮನೇಲಿ ಈಸ್ಲು ಎದ್ದವು. ನೋಡ್ದೆ. ಗುಡ್ಸಾಕ್ದೆ. ನಿಮ್ಮತ್ತೆ ನಿಂಗೆ ಒಂದೊಂದು ಮಾತಂದಾಗ್ಲೂ ನಂಗೆ ಗೊತ್ತಿತ್ತು. ಪೇಪರ್ ಓದ್ತಾ ಕೂತಿದ್ದೆ."

ನಯನಾ ಅತ್ತೆಗೆ ಅಂದಂತೆ, ಬಿಡಿ ಎನ್ನಲಿಲ್ಲ. ಪರವಾಗಿಲ್ಲ ಎನ್ನಲಿಲ್ಲ. ಬೀರುವಿನ ಮೇಲೆ ಎರಡೂ ಕೈ ಇಟ್ಟಳು.

"ಗೋಡೆಗೆ ಬೆರಳಿಡಿ ಮಾವ," ಎಂದಳು. "ಮೂರು."

ಚಿಕ್ಕಬೈರಪ್ಪ ಮೂರು ಬೆರಳನ್ನು ಜೋಡಿಸಿ, ಅಡ್ಡಡ್ಡ ಹಿಡಿದು ಗೋಡೆಗೆ ಇಟ್ಟ. ಅವಳು ತಳ್ಳಿದಳು. ಬೀರು ಕಂಬಳಿಯ ಮೇಲೆ ಜಾರುತ್ತ ಬಂದು ಬೆರಳಿಗೆ ತಾಗಿತು.

"ಸಾಕಾ?"

"ಸಾಕಮ್ಮ."

ಅವಳು ನಿಲ್ಲಿಸಲಿಲ್ಲ, ಇನ್ನೂ ಸ್ವಲ್ಪ ತಳ್ಳಿದಳು. ತೇಗದ ಅಂಚಿಗೂ ಅವನೇ ಕಟ್ಟಿಸಿದ ಗೋಡೆಗೂ ನಡುವೆ ಬೆರಳು ಸಿಕ್ಕಿಕೊಂಡು ಚೆನ್ನಾಗಿಯೇ ನೋವಾಯಿತು. ಅವನು ಕೈ ಎಳೆದುಕೊಳ್ಳಲಿಲ್ಲ, ಬಾಯಿ ಬಿಡಲಿಲ್ಲ. ಆಮೇಲೆ ಅವಳೇ ಬೀರುವನ್ನು ಒಂದು ಎಳೆಯಷ್ಟು ಹಿಂದಕ್ಕೆ ಎಳೆದು, ಅವನ ಕೈಯನ್ನು ಬಿಡಿಸಿ, ಬೆರಳುಗಳನ್ನು ಒಂದು ಸಲ ನೋಡಿದಳು.

"ವರ್ಷಕ್ಕೊಂದ್ಸಲ ನೀವೇ ಹಿಂದೆ ನೋಡ್ಬೇಕು," ಎಂದು ಹೇಳಿ, ಸೀರೆಗಳನ್ನು ತರಲು ಪಕ್ಕದ ಕೋಣೆಗೆ ಹೋದಳು.